ಕೊನೇಲಿ ತಿಂದಿದ್ದೇನು

ಅವರು ನಿವೃತ್ತರಾಗುತ್ತಿದ್ದಾರೆ ಎಂದು ಪಶುವೈದ್ಯ ಕಾಲೇಜಿನಿಂದ ಒಬ್ಬ ಉಪನ್ಯಾಸಕಿ ಫೋನ್ ಮಾಡಿದರು. ಬೀಳ್ಕೊಡುಗೆಗೆ ಒಂದು ಪುಸ್ತಕ ತರುತ್ತಾರಂತೆ, ಅದಕ್ಕೆ ನಾನೂ ಎರಡು ಪುಟ ಬರೆದುಕೊಡಬೇಕಂತೆ. ಮೇಡಂ ತಮ್ಮ ಸಂಶೋಧನೆಗೆ ಸಕಲೇಶಪುರದ ಕಡೆ ಎರಡು ವರ್ಷ ಓಡಾಡಿದ್ದಾರಲ್ಲ, ಅದರ ಬಗ್ಗೆ ಬರೆಯಿರಿ ಸಾರ್, ಸಾಧನೆ ಎದ್ದು ಕಾಣುವ ಹಾಗೆ ಎಂದರು. ಆಗಲಿ ಎಂದೆ. ಬರೆದದ್ದು ಇದು, ಆದರೆ ಕಳಿಸಲಿಲ್ಲ. ಎಲ್ಲರೂ ಹಾರ ತುರಾಯಿ ಹಿಡಿದು ನಿಂತಿರುವ ಕಡೆ ನಾನೊಬ್ಬ ಸತ್ತ ಹಸುವನ್ನು ಎಳೆದುಕೊಂಡು ಹೋದರೆ ಚೆನ್ನಾಗಿರುವುದಿಲ್ಲ. ಅವರ ಹೆಸರನ್ನೂ ಇಲ್ಲಿ ಬರೆಯುವುದಿಲ್ಲ. ನಮ್ಮ ಕಡೆ ಅವರನ್ನು ಯಾರೂ ಹೆಸರು ಹಿಡಿದು ಕರೆದದ್ದಿಲ್ಲ, ಎಲ್ಲರಿಗೂ ಅವರು ಡಾಕ್ಟ್ರಮ್ಮ.

ನಾನು ಆಗ ಬೆಳಗೋಡು ಹೋಬಳಿಯ ಒಂದು ಪಶು ಆಸ್ಪತ್ರೆಯಲ್ಲಿ ಜಾನುವಾರು ಅಧಿಕಾರಿ. ಹೆಸರಿನಲ್ಲಿ ಅಧಿಕಾರ ಇದೆ, ಕೆಲಸವೆಲ್ಲ ದನದ ಬಾಲ ಎತ್ತುವುದು. ಡಾಕ್ಟರು ವಾರಕ್ಕೆ ಎರಡು ದಿನ ಬರುತ್ತಿದ್ದರು, ಮಿಕ್ಕ ದಿನ ನಾನೇ ರಾಜ, ನಾನೇ ಮಂತ್ರಿ. ಡಾಕ್ಟ್ರಮ್ಮ ಬಂದದ್ದು ಚಿಕಿತ್ಸೆಗಲ್ಲ. ಇವರದು ರೋಗಶಾಸ್ತ್ರ, ಅಂದರೆ ಪ್ರಾಣಿ ಸತ್ತ ಮೇಲೆ ಯಾಕೆ ಸತ್ತಿತು ಎಂದು ಕೊಯ್ದು ನೋಡುವ ವಿದ್ಯೆ. ಕರು ಹಾಕಿದ ಸೀಮೆಹಸುಗಳ ಯಕೃತ್ತಿನಲ್ಲಿ ಕೊಬ್ಬು ಯಾಕೆ ತುಂಬಿಕೊಳ್ಳುತ್ತದೆ, ಎಷ್ಟು ತುಂಬಿದರೆ ಹಸು ತಡೆದುಕೊಳ್ಳುತ್ತದೆ ಎನ್ನುವುದು ಅವರ ಸಂಶೋಧನೆ. ಆಲೂರು, ಸಕಲೇಶಪುರದ ಗುಡ್ಡಗಳಲ್ಲಿ ಹೀಗೆ ಸಾಯುವ ಹಸುಗಳು ಸಿಗುತ್ತವೆ ಎಂದು ಯಾರೋ ಹೇಳಿದ್ದರಿಂದ ಬಂದಿದ್ದರು. ಅವರ ಜೊತೆ ತಿರುಗುವ ಕೆಲಸ ನನ್ನ ತಲೆಗೆ ಬಿತ್ತು. ಮೊದಮೊದಲು ಗೊಣಗಿದೆ. ಬದುಕಿರುವ ದನಕ್ಕೇ ಡಾಕ್ಟರಿಲ್ಲ, ಸತ್ತ ದನಕ್ಕೆ ಬಂದುಬಿಟ್ಟರಲ್ಲ ಎಂದು.

ಹಾಸನದಿಂದ ಬಸ್ಸಿನಲ್ಲಿ ಬಂದಿಳಿಯುವಾಗ ಅವರ ಕೈಯಲ್ಲಿ ಎರಡು ಸ್ಟೀಲ್ ಕ್ಯಾರಿಯರ್ ಇರುತ್ತಿದ್ದವು. ಎರಡೂ ಒಂದೇ ಅಂಗಡಿಯವು, ಒಂದೇ ಅಳತೆ. ಒಂದರಲ್ಲಿ ಊಟ. ಇನ್ನೊಂದರಲ್ಲಿ ಬರುವಾಗ ಬರೀ ಐಸು, ಕೊಯ್ದ ಮೇಲೆ ಐಸಿನ ಮೇಲೆ ಯಕೃತ್ತಿನ ತುಂಡುಗಳು. ಗುರುತಿಗೆ ಒಂದರ ಹಿಡಿಗೆ ಕೆಂಪು ದಾರ ಕಟ್ಟಿದ್ದರು. ದಾರ ಯಾವುದಕ್ಕೆ ಎಂದು ನನಗೆ ಗೊತ್ತಾದದ್ದು ಹೆಗ್ಗದ್ದೆಯಲ್ಲಿ ಒಂದು ಮಧ್ಯಾಹ್ನ. ಹಸಿದು ಕಂಗಾಲಾಗಿದ್ದೆ, ಊಟದ್ದಕ್ಕೇ ಇರಬೇಕು ಎಂದುಕೊಂಡು ಮುಚ್ಚಳ ತೆಗೆದೆ. ಅವರು ಕೈ ತೊಳೆಯುತ್ತಿದ್ದವರು ತಿರುಗಿ ನೋಡಿ, ಅದಕ್ಕೆ ಉಪ್ಪು ಹಾಕಿಲ್ಲ, ಇನ್ನೊಂದು ತೆಗೀರಿ ಎಂದರು. ನಗಲೂ ಇಲ್ಲ. ಆಮೇಲೆ ಎರಡು ಅಕ್ಕಿರೊಟ್ಟಿ ತಿಂದು ಮೂರನೆಯದನ್ನು ನನ್ನ ಕಡೆ ತಳ್ಳಿದರು. ನಾನು ಅದನ್ನು ತಿರುಗಿ ಅವರ ಕಡೆಗೇ ತಳ್ಳಿದೆ.

ದನ ಸತ್ತ ಮನೆಗೆ ಹೋದರೆ ಎಲ್ಲರೂ ಒಟ್ಟಿಗೆ ಮಾತಾಡುತ್ತಾರೆ. ಹಾವು ಅನ್ನುವವರು, ದೃಷ್ಟಿ ಅನ್ನುವವರು, ಪಕ್ಕದವರ ಹೊಟ್ಟೆಕಿಚ್ಚು ಅನ್ನುವವರು. ಡಾಕ್ಟ್ರಮ್ಮ ಎಲ್ಲರ ಮಾತಿಗೂ ತಲೆಯಾಡಿಸಿ ಕೊನೆಗೆ ಒಂದೇ ಒಂದು ಪ್ರಶ್ನೆ ಕೇಳುತ್ತಿದ್ದರು. ಕೊನೇಲಿ ತಿಂದಿದ್ದೇನು? ಅದಕ್ಕೆ ಸರಿಯಾದ ಉತ್ತರ ಬರುವವರೆಗೆ ಚಾಕು ಹೊರಗೆ ತೆಗೆಯುತ್ತಿರಲಿಲ್ಲ. ಬಂದ ಮೇಲೆ, ತೆಗೆದು ನೋಡೋಣ ಎನ್ನುತ್ತಿದ್ದರು. ಊಹೆ ಮಾಡಿ ಎಂದು ಯಾರು ಗೋಗರೆದರೂ ಮಾಡುತ್ತಿರಲಿಲ್ಲ. ಸಕಲೇಶಪುರದ ಬಸ್ಸು ಇವತ್ತು ಬರುತ್ತದೋ ಇಲ್ಲವೋ ಎಂದು ಕೇಳಿದರೂ ತೆಗೆದು ನೋಡೋಣ ಎಂದಾರು ಎಂದು ನಾನು ಆಸ್ಪತ್ರೆಯಲ್ಲಿ ತಮಾಷೆ ಮಾಡುತ್ತಿದ್ದೆ. ಅದು ಹೇಗೋ ಅವರ ಕಿವಿಗೆ ಬಿತ್ತು. ಬಸ್ಸಿಗೆ ಲಿವರ್ ಇಲ್ವಲ್ಲ ಎಂದರು.

ಅವರ ಪರೀಕ್ಷೆಗೆ ಬೇಕಾಗಿದ್ದದ್ದು ಮೈಲುತುತ್ತ. ಕೊಳೆರೋಗಕ್ಕೆಂದು ಸುಣ್ಣದ ಜೊತೆ ಕಲಸಿ ಕಾಫಿ ಗಿಡಕ್ಕೆ ಹೊಡೆಯುವ ಅದೇ ನೀಲಿ ಹರಳು. ನಮ್ಮ ಕಡೆ ಯಾವ ಎಸ್ಟೇಟಿನ ಸ್ಟೋರಿಗೆ ಹೋದರೂ ಒಂದು ಹಿಡಿ ಸಿಗುತ್ತದೆ, ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ. ಮೂರು ಬಾಟಲಿ ಸಾಲಾಗಿ ಇಡುತ್ತಿದ್ದರು. ಒಂದರಲ್ಲಿ ಬರೀ ನೀರು, ಒಂದರಲ್ಲಿ ಹರಳು ಸ್ವಲ್ಪ ಕರಗಿಸಿದ ತೆಳು ನೀಲಿ, ಒಂದರಲ್ಲಿ ಹೆಚ್ಚು ಕರಗಿಸಿದ, ಎಲ್ಲಕ್ಕಿಂತ ಭಾರದ ಗಟ್ಟಿ ನೀಲಿ. ಯಕೃತ್ತನ್ನು ಕಾಳುಮೆಣಸಿನಷ್ಟು ಕತ್ತರಿಸಿ ಒಂದೊಂದರಲ್ಲೂ ಒಂದು ಚೂರು ಹಾಕುವುದು. ಚೆನ್ನಾಗಿರುವ ಯಕೃತ್ತು ಮೂರರಲ್ಲೂ ಮುಳುಗುತ್ತದೆ. ಕೊಬ್ಬು ತುಂಬಿದಷ್ಟೂ ಹಗುರಾಗಿ ಮೊದಲು ಗಟ್ಟಿ ನೀಲಿಯಲ್ಲಿ ತೇಲುತ್ತದೆ, ಇನ್ನೂ ಹೆಚ್ಚಾದರೆ ತೆಳು ನೀಲಿಯಲ್ಲಿ. ಬರೀ ನೀರಿನಲ್ಲೂ ತೇಲಿತು ಎಂದರೆ ಆ ಹಸುವನ್ನು ಉಳಿಸುವುದು ಕಷ್ಟವಿತ್ತು ಎಂದು ಲೆಕ್ಕ. ಕಾಲೇಜಿಗೆ ಹೋಗಿ ಸೂಕ್ಷ್ಮದರ್ಶಕದಲ್ಲಿ ವಾರಗಟ್ಟಲೆ ನೋಡುತ್ತಿದ್ದದ್ದು ಬೇರೆ. ಆದರೆ ಜಗಲಿಯ ಮೇಲೆ ಕೂತ ಊರವರಿಗೆ ಅರ್ಥವಾಗುತ್ತಿದ್ದದ್ದು ಈ ಮೂರು ಬಾಟಲಿ. ಹೊಟ್ಟೆ ಕೆಟ್ಟರೆ ಹೇಳುತ್ತದೆ, ಕಾಲು ಕೆಟ್ಟರೆ ಹೇಳುತ್ತದೆ, ಲಿವರ್ ಮಾತ್ರ ಬಹಳ ಸ್ವಾಭಿಮಾನಿ, ಮುಕ್ಕಾಲು ಹಾಳಾದರೂ ಬಾಯಿ ಬಿಡಲ್ಲ ಎಂದು ಡಾಕ್ಟ್ರಮ್ಮ ಅವರಿಗೆ ಹೇಳುತ್ತಿದ್ದರು. ಹಾಗೆ ಹೇಳುವಾಗ ಅವರ ಮುಖದಲ್ಲಿ ಸ್ವಲ್ಪ ಅಭಿಮಾನವೂ ಇರುತ್ತಿತ್ತು.

ಮಾತು ಮಾತ್ರ ಬಲು ಕಡಕ್. ಒಬ್ಬ ಪ್ಲಾಂಟರ ಮನೆಯಲ್ಲಿ ಒಂದು ನಾಯಿ ಬಿಸ್ಕತ್ತು ತಿಂದು ತಿಂದು ಪೀಪಾಯಿಯಾಗಿತ್ತು. ಡಾಕ್ಟ್ರಮ್ಮ ಬಂದಿದ್ದಾರೆ, ಇದನ್ನೂ ಸ್ವಲ್ಪ ನೋಡಲಿ ಎಂದು ಕರೆಸಿದರು. ಇವರು ನಾಯಿಯ ಹೊಟ್ಟೆ ಒತ್ತಿ ನೋಡಿ, ಪ್ಲಾಂಟರ ಹೊಟ್ಟೆಯ ಕಡೆಗೂ ಒಮ್ಮೆ ಕಣ್ಣು ಹಾಯಿಸಿ, ಇಬ್ಬರಿಗೂ ಒಂದೇ ಔಷಧಿ, ನಡೀರಿ ಎಂದರು. ಪ್ಲಾಂಟರ ಹೆಂಡತಿ ಬಿದ್ದು ಬಿದ್ದು ನಕ್ಕರು. ಪ್ಲಾಂಟರು ನಗಲಿಲ್ಲ. ಮತ್ತೆ ಆ ಎಸ್ಟೇಟಿನಿಂದ ನಮಗೆ ಮೈಲುತುತ್ತ ಸಿಗಲಿಲ್ಲ. ನೋಯುವ ಮಾತನ್ನು ಮೆತ್ತಗೆ ಹೇಳುವುದು ಇವರಿಗೆ ಬರುತ್ತಿರಲಿಲ್ಲ. ಎದುರಿಗಿದ್ದವರು ಆ ಮಾತನ್ನು ಮನೆಗೆ ಒಯ್ದು ಏನು ಮಾಡಿಕೊಳ್ಳುತ್ತಾರೆ ಎಂದು ಯೋಚಿಸುವ ಅಭ್ಯಾಸವೂ ಇರಲಿಲ್ಲ. ಜೀವಮಾನವೆಲ್ಲ ಸತ್ತ ದನಗಳ ಜೊತೆ ಕೆಲಸ ಮಾಡಿದವರು. ಸತ್ತ ದನ ಹೇಳಿದ್ದನ್ನು ತಪ್ಪು ತಿಳಿಯುವುದಿಲ್ಲ.

ಗಂಗಮ್ಮನ ಮನೆಗೆ ಹೋದದ್ದು ಎರಡನೆಯ ವರ್ಷ, ಕಾಫಿ ಕುಯ್ಲು ಶುರುವಾಗಿದ್ದ ದಿನಗಳಲ್ಲಿ. ಗಂಗಮ್ಮನಿಗೆ ಸ್ವಲ್ಪ ಗದ್ದೆ, ಮನೆಯ ಹಿಂದೆ ನಾಲ್ಕು ಸಾಲು ಕಾಫಿ, ಕೊಟ್ಟಿಗೆಯಲ್ಲಿ ಬೆಳ್ಳಿ ಮತ್ತು ಕೆಂಪಿ ಎಂಬ ಎರಡು ಸೀಮೆಹಸು. ಗಂಡ ಎಸ್ಟೇಟಿನಲ್ಲಿ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಕೆಲಸಕ್ಕೆ ಹೋಗುತ್ತಿದ್ದ, ದನದ ತಂಟೆಗೆ ಬರುತ್ತಿರಲಿಲ್ಲ. ಕೊಟ್ಟಿಗೆ ಪೂರ್ತಿ ಆಕೆಯದೇ ಆಳ್ವಿಕೆ. ಆ ಮನೆಯಲ್ಲಿ ಅತ್ತೆಯ ಕಾಲದಿಂದ ಬಂದ ಒಂದು ರೂಢಿಯಿತ್ತು. ಹಸುವಿಗೆ ಏಳು ತಿಂಗಳು ತುಂಬಿದರೆ ಅದು ಹೆರಿಗೆಗೆ ತವರಿಗೆ ಬಂದ ಮಗಳ ಸಮ. ಹಾಲು ಕರೆಯುವುದು ನಿಲ್ಲಿಸಿ ಎರಡು ಹೊತ್ತು ಹುರುಳಿ ಬೇಯಿಸಿ ಹಾಕುವುದು, ಕಡಲೆಕಾಯಿ ಹಿಂಡಿ ನೆನೆಸಿ ಕೊಡುವುದು, ರಾಗಿ ಗಂಜಿಗೆ ಬೆಲ್ಲ ಹಾಕಿ ಕುಡಿಸುವುದು. ಗುಡ್ಡ ಹತ್ತಿಳಿದು ಮೇಯುತ್ತಿದ್ದ ಗಿಡ್ಡ ದನಗಳ ಕಾಲಕ್ಕೆ ಅದು ಸರಿಯೇ ಇತ್ತು. ಸೀಮೆಹಸು ಕೊಟ್ಟಿಗೆಯಲ್ಲಿ ನಿಂತಲ್ಲೇ ನಿಂತು ಅದನ್ನೆಲ್ಲ ಮೈಗೆ ಹಾಕಿಕೊಳ್ಳುತ್ತದೆ. ಬೆಳ್ಳಿಯ ಬೆನ್ನು ಹಲಗೆಯಂತೆ ಚಪ್ಪಟೆಯಾಗಿತ್ತು. ದಾರಿಯಲ್ಲಿ ಹೋಗುವವರು ನಿಂತು ನೋಡಿ ಹೋಗುತ್ತಿದ್ದರು, ಗಂಗಮ್ಮನಿಗೆ ಅದೇ ಹೆಮ್ಮೆ.

ಬೆಳ್ಳಿ ಹೆಣ್ಣು ಕರು ಹಾಕಿತು. ಮೂರನೆಯ ದಿನ ಮೇವು ಬಿಟ್ಟಿತು. ನನ್ನನ್ನೇ ಕರೆದರು. ನಾನು ಅಜೀರ್ಣ ಎಂದುಕೊಂಡು ಔಷಧಿ ಕುಡಿಸಿದೆ, ಆಮೇಲೆ ಗ್ಲೂಕೋಸ್ ಹಾಕಿದೆ. ಏಳನೆಯ ದಿನ ಬೆಳಿಗ್ಗೆ ಸತ್ತಿತು. ಅದೇ ವಾರ ಪಕ್ಕದ ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ನೋಡಿಕೊಳ್ಳುವ ರೈಟರ್ ಬೇಲಿಯಂಚಿನಲ್ಲಿ ಕಳೆ ಸಾಯುವ ಔಷಧಿ ಹೊಡೆಸಿದ್ದ. ಬೇಕಂತಲೇ ನನ್ನ ಹುಲ್ಲಿಗೆ ಬೀಳುವ ಹಾಗೆ ಹೊಡೆಸಿದ ಎಂದು ಗಂಗಮ್ಮ, ಹೌದೌದು ಎಂದು ಊರು. ಸ್ಟೇಷನ್ನಿಗೆ ಹೋಗಲು ಜೀಪು ಕೂಡ ಗೊತ್ತು ಮಾಡಿಯಾಗಿತ್ತು. ನಾನು ಡಾಕ್ಟ್ರಮ್ಮನಿಗೆ ಫೋನ್ ಮಾಡಿದೆ. ಅವರು ಬರುವವರೆಗೆ ಆ ರೈಟರ್ ಓಡಿಹೋಗದೆ ಅಲ್ಲೇ ಅಂಗಳದ ಮೂಲೆಯಲ್ಲಿ ನಿಂತಿದ್ದ.

ಕೊಯ್ದಾಗ ಯಕೃತ್ತು ಊದಿಕೊಂಡು ಹಳದಿಯಾಗಿತ್ತು. ಚೂಪಾಗಿರಬೇಕಾದ ಅಂಚು ದುಂಡಗಾಗಿತ್ತು. ಚಾಕು ಎಳೆದರೆ ಜಿಡ್ಡು ಹತ್ತುತ್ತಿತ್ತು. ಚೂರುಗಳು ಮೂರು ಬಾಟಲಿಯಲ್ಲೂ ತೇಲಿದವು. ವಿಷ ಅಲ್ಲ ಎಂದು ಡಾಕ್ಟ್ರಮ್ಮ ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ಕರು ಹಾಕಿದ ಹಸು ಹಾಲಿಗೆ ಬೇಕಾದದ್ದನ್ನು ತಿಂದು ಪೂರೈಸಲಾರದೆ ಮೈಯ ಕೊಬ್ಬನ್ನು ಕರಗಿಸುತ್ತದೆ, ಆ ಕೊಬ್ಬೆಲ್ಲ ಮೊದಲು ಬರುವುದು ಲಿವರ್‌ಗೆ ಎಂದರು. ಮೋಡ ಕಟ್ಟಿದಾಗ ಕಣದ ಕಾಫಿಯನ್ನೆಲ್ಲ ಒಂದೇ ಸಲ ಸ್ಟೋರಿಗೆ ತುಂಬಿದರೆ ಏನಾಗುತ್ತದೆ, ಬಾಗಿಲು ತೆರೆಯಲೂ ಜಾಗ ಇರುವುದಿಲ್ಲ, ಒಂದು ಮೂಟೆ ಆಚೆ ಸಾಗಿಸಲೂ ಆಗುವುದಿಲ್ಲ, ಇದೂ ಹಾಗೆಯೇ ಎಂದರು. ಕಣದಲ್ಲಿ, ಅಂದರೆ ಹಸುವಿನ ಮೈಮೇಲೆ, ಅಷ್ಟೊಂದು ಇದ್ದದ್ದೇ ತಪ್ಪು ಎಂದೂ ಸೇರಿಸಿದರು. ರೈಟರ್ ಯಾರ ಮುಖವನ್ನೂ ನೋಡದೆ ಹೊರಟುಹೋದ. ಗಂಗಮ್ಮ ಕರುವಿನ ಹಗ್ಗ ಹಿಡಿದುಕೊಂಡು ನಿಂತಿದ್ದಳು.

"ಹಂಗಾರೆ ನಾನೇ ಸಾಯ್ಸ್‌ದೆ ಅಂತೀರಾ, ಡಾಕ್ಟ್ರಮ್ಮ?"

"ಹೌದು" ಎಂದರು.

ಅಷ್ಟೇ. ನಾನು ನಡುವೆ ಬಾಯಿ ಹಾಕಿ, ಯಾರ ಕೈಲೂ ಇಲ್ಲ ಗಂಗಮ್ಮ, ಅದರ ಆಯಸ್ಸು ಅಷ್ಟಿತ್ತು ಎಂದೇನೋ ಹೇಳಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಡಾಕ್ಟ್ರಮ್ಮ ಕೈ ತೊಳೆದುಕೊಂಡು ಕೊಟ್ಟಿಗೆಯಲ್ಲಿದ್ದ ಕೆಂಪಿಯನ್ನು ನೋಡಿದರು. ಅದು ಆರು ತಿಂಗಳ ಗಬ್ಬ, ಬೆಳ್ಳಿಯ ಜೊತೆಗೇ ಅದಕ್ಕೂ ಹುರುಳಿ, ಹಿಂಡಿ, ಗಂಜಿ ಬೀಳುತ್ತಿದ್ದರಿಂದ ಆಗಲೇ ಬೆಳ್ಳಿಯಷ್ಟೇ ದಪ್ಪ. ಇದಕ್ಕೂ ಹಿಂಗೇ ಹಾಕಿದ್ರೆ ಇದೂ ಹೋಗುತ್ತೆ, ಕಮ್ಮಿ ಮಾಡಿ ಎಂದರು. ಬಸ್ಸಿಗೆ ಹೊತ್ತಾಗಿತ್ತು, ಹೊರಟೆವು. ಸ್ವಲ್ಪ ಮೆತ್ತಗೆ ಹೇಳಬಹುದಿತ್ತು ಮೇಡಂ ಎಂದು ನಾನು ದಾರಿಯಲ್ಲಿ ಅಂದೆ. ಗಂಗಮ್ಮ ಕೇಳಿದರು, ನಾನು ಹೇಳಿದೆ, ಬೇರೆ ಏನಾದರೂ ಹೇಳಿದ್ದರೆ ಆ ರೈಟರ್ ಇಷ್ಟು ಹೊತ್ತಿಗೆ ಸ್ಟೇಷನ್ನಿನಲ್ಲಿರುತ್ತಿದ್ದ ಎಂದರು ಡಾಕ್ಟ್ರಮ್ಮ.

ಆಮೇಲೆ ಡಾಕ್ಟ್ರಮ್ಮ ಯಕೃತ್ತಿನ ತುಂಡುಗಳನ್ನು ಕಟ್ಟಿಕೊಂಡು ಎರಡು ತಿಂಗಳಿಗೂ ಹೆಚ್ಚು ಕಾಲ ಕಾಲೇಜಿನಲ್ಲೇ ಇದ್ದರು. ಇತ್ತ ಗಂಗಮ್ಮ ಕಮ್ಮಿ ಮಾಡಿದಳು. ಹುರುಳಿ ನಿಂತಿತು, ಹಿಂಡಿ ನಿಂತಿತು, ಗಂಜಿ ನಿಂತಿತು. ಹಸಿಹುಲ್ಲೂ ಮೈಗೆ ಹತ್ತುತ್ತದೆ ಎಂದು ಯಾರೋ ಅಂದದ್ದಕ್ಕೆ ಅದನ್ನೂ ನಿಲ್ಲಿಸಿ ಬೆಳಿಗ್ಗೆ ಒಂದು ಹಿಡಿ, ಸಂಜೆ ಒಂದು ಹಿಡಿ ಒಣಹುಲ್ಲು ಹಾಕಿದಳು. ಬಸುರಿ ದನಾನ ಉಪವಾಸ ಕೆಡವಿದ್ದಾಳೆ, ಇವಳಿಗೆ ಒಳ್ಳೇದಾಗುತ್ತಾ ಎಂದು ನೀರಿಗೆ ಬಂದ ಹೆಂಗಸರು ಆಡಿಕೊಂಡರು. ಕೆಂಪಿ ಕೂಗಿದರೆ ಆಕೆ ಗದ್ದೆಯ ಕಡೆಗೆ ಹೊರಟುಬಿಡುತ್ತಿದ್ದಳಂತೆ, ಕೇಳದಷ್ಟು ದೂರ. ಇದೆಲ್ಲ ನನಗೆ ಆಮೇಲೆ ಗೊತ್ತಾಯಿತು ಎಂದು ಬರೆಯಬಹುದಿತ್ತು, ಆದರೆ ಅದು ಸುಳ್ಳಾಗುತ್ತದೆ. ನಡುವೆ ಒಂದು ದಿನ ಆ ದಾರಿಯಲ್ಲೇ ಹೋಗಿದ್ದೆ. ಕೆಂಪಿ ಇಳಿದುಹೋದದ್ದನ್ನು ಕಣ್ಣಾರೆ ನೋಡಿದೆ. ಪರವಾಗಿಲ್ವಲ್ಲ ಗಂಗಮ್ಮ, ಡಾಕ್ಟ್ರಮ್ಮ ಹೇಳಿದ ಹಾಗೆ ಮಾಡಿದ್ದೀರ ಎಂದು ಹೊಗಳಿ ಬಂದೆ. ಕೊಬ್ಬಿದ ಗಬ್ಬದ ಹಸುವನ್ನು ಉಪವಾಸ ಕೆಡವಿದರೆ ಅದು ಕರು ಹಾಕುವ ಮೊದಲೇ ಮೈ ಕರಗಿಸುತ್ತದೆ, ಆಗಲೂ ಕೊಬ್ಬು ಬರುವುದು ಯಕೃತ್ತಿಗೇ. ಎರಡು ವರ್ಷ ಅವರ ಹಿಂದೆ ಕ್ಯಾರಿಯರ್ ಹೊತ್ತವನಿಗೆ ಅಷ್ಟು ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಇದು ನನಗೆ ಇವತ್ತಿಗೂ ನೋವಿನ ವಿಷಯ.

ಎಂಟೂವರೆ ತಿಂಗಳಿಗೆ ಕೆಂಪಿ ನೆಲ ಹಿಡಿಯಿತು. ಸುದ್ದಿ ಬಂದ ದಿನವೇ ನಾನು ನಮ್ಮ ಆಸ್ಪತ್ರೆಯ ಡಾಕ್ಟರನ್ನು ಕರೆದುಕೊಂಡು ಹೋದೆ, ಅವರು ಮಾಡಬಹುದಾದದ್ದನ್ನೆಲ್ಲ ಮಾಡಿದರು. ಡಾಕ್ಟ್ರಮ್ಮನಿಗೂ ಫೋನ್ ಮಾಡಿದೆ. ಏನು ಹಾಕ್ತಿದ್ದಾರೆ ಎಂದು ಕೇಳಿದರು. ಹೇಳಿದೆ. ಬರ್ತೀನಿ ಎಂದರು. ಮಾರನೆಯ ದಿನ ಅವರು ಬಂದಿಳಿಯುವ ಹೊತ್ತಿಗೆ ಕೆಂಪಿ ಸತ್ತಿತ್ತು, ಹೊಟ್ಟೆಯೊಳಗಿನ ಕರುವೂ.

ಅವತ್ತು ಅವರು ಪ್ರಶ್ನೆ ಕೇಳದೆಯೇ ಚಾಕು ತೆಗೆದರು. ನಾನು ಹಸುವಿನ ಕಾಲು ಹಿಡಿದುಕೊಂಡೆ. ಒಳಗೆ ಅದೇ ಹಳದಿ, ಅದೇ ಜಿಡ್ಡು. ಬಾಟಲಿಗಳನ್ನು ನಾನು ಜೋಡಿಸಲು ಹೋದರೆ, ಬೇಡ ಬಿಡಿ ಎಂದರು. ಈ ಸಲ ಊರವರು ಹೆಚ್ಚು ಇರಲಿಲ್ಲ. ಗಂಗಮ್ಮ ಕೊಟ್ಟಿಗೆಯ ಬಾಗಿಲಿಗೆ ಒರಗಿ ಕೂತಿದ್ದಳು. ಅಳುತ್ತಿರಲಿಲ್ಲ. ಆಕೆಯೂ ಸರಿಯಾಗಿ ಊಟ ಮಾಡಿ ಎಷ್ಟೋ ದಿನವಾದ ಹಾಗಿತ್ತು.

"ನೀವು ಹೇಳ್ದಂಗೇ ಮಾಡ್ದೆ, ಡಾಕ್ಟ್ರಮ್ಮ. ಈ ಸಲ ಯಾರು?"

ಡಾಕ್ಟ್ರಮ್ಮ ಚಾಕುವನ್ನು ಬಕೆಟ್ಟಿನೊಳಗೆ ಇಟ್ಟು ಆಕೆಯ ಎದುರಿಗೆ ಬಂದು ನಿಂತರು.

"ಈ ಸಲ ನಾನು ಗಂಗಮ್ಮ. ಕಮ್ಮಿ ಮಾಡಿ ಅಂದೆ, ಎಷ್ಟು ಅಂತ ಹೇಳಲಿಲ್ಲ. ಹಸಿದ್ರೂ ಹಿಂಗಾಗುತ್ತೆ ಅಂತ ನನಗೆ ಗೊತ್ತಿತ್ತು. ಹೇಳದೆ ಹೋದೆ."

ಡಾಕ್ಟ್ರಮ್ಮ ಜಗಲಿಯ ಮೇಲೆ ಕೂತು ವರದಿ ಬರೆದರು. ಸಾವಿನ ಕಾರಣ ಎನ್ನುವ ಕಡೆ, ಯಕೃತ್ತಿನಲ್ಲಿ ಕೊಬ್ಬು ಎಂದು ಬರೆದು, ಅದರ ಕೆಳಗೆ, ನಾನು ಕೊಟ್ಟ ಅರೆಬರೆ ಸಲಹೆಯಿಂದ ಎಂದು ಸೇರಿಸಿದರು. ನಾನು ಗಾಬರಿಯಾದೆ. ಇದು ಇಲಾಖೆಗೆ ಹೋಗುವ ಕಾಗದ ಮೇಡಂ, ಮೇಲಿನ ಸಾಲು ಸಾಕು ಎಂದೆ. ಮೇಲಿನದು ಏನಾಯಿತು ಅನ್ನುವುದು, ಇಲಾಖೆಯವರು ಕೇಳಿರುವುದು ಯಾಕಾಯಿತು ಅಂತ ಎಂದು ಹೇಳಿ ಕಾಗದವನ್ನು ನನ್ನ ಸಹಿಗೆ ಕೊಟ್ಟರು. ಹಾಕಿದೆ. ಹೊಗಳಿ ಹೋದವನ ಹೆಸರೂ ಅಲ್ಲಿ ಸೇರಬೇಕಿತ್ತು ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ.

ಗುಂಡಿ ತೆಗೆಯುವವರು ಬಂದರು. ನಾವು ಹೊರಡಲು ಎದ್ದೆವು. ಕೊಟ್ಟಿಗೆಯಲ್ಲಿ ಈಗ ಉಳಿದದ್ದು ಬೆಳ್ಳಿಯ ಕರು ಒಂದೇ. ಬೇರೆ ಮನೆಯ ಹಾಲು ತಂದು ಕುಡಿಸಿ ಸಾಕಿದ್ದರಿಂದ ಮೂರು ತಿಂಗಳಾಗಿದ್ದರೂ ಬಡಕಲಾಗಿತ್ತು. ಅದರ ಮುಂದೆ ಮರದ ಬಾನಿ ಖಾಲಿ ಇತ್ತು. ಹಾಕಿದರೂ ತಪ್ಪು, ಹಾಕದಿದ್ದರೂ ತಪ್ಪು ಎಂದು ತಿಳಿದ ಹೆಂಗಸು ಅದಕ್ಕೆ ಬೆಳಗಿನಿಂದ ಏನನ್ನೂ ಹಾಕಿರಲಿಲ್ಲ. ಗಂಗಮ್ಮ ಎದ್ದು ಒಳಗೆ ಹೋಗಿ ಬೂಸದ ಮೂಟೆಯನ್ನೂ ಪಾವನ್ನೂ ತಂದು ಡಾಕ್ಟ್ರಮ್ಮನ ಮುಂದೆ ಇಟ್ಟಳು.

"ಬಾಯಲ್ಲಿ ಹೇಳ್ಬೇಡಿ. ಎಷ್ಟು ಅಂತ ನಿಮ್ ಕೈಲೇ ಹಾಕಿ ತೋರ್ಸಿ."

ನಾನು ಗಡಿಯಾರ ನೋಡಿದೆ, ಬಸ್ಸಿಗೆ ಸಮಯವಾಗಿತ್ತು. ಅವರು ನೋಡಲಿಲ್ಲ. ಕೈಯನ್ನು ಇನ್ನೊಂದು ಸಲ ತೊಳೆದು, ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಕರುವಿನ ಪಕ್ಕದಲ್ಲಿ ಕೂತರು. ಎರಡು ಪಾವು ಬೂಸ ಅಳೆದು ಬಾನಿಗೆ ಸುರಿದರು. ಒಂದು ಹಿಡಿ ಹಿಂಡಿ ಪುಡಿ ಮಾಡಿ ಉದುರಿಸಿದರು. ಹಸಿಹುಲ್ಲಿನ ಒಂದು ಕಂತೆಯನ್ನು ತಂದು ಬಿಚ್ಚಿ, ಅದರಲ್ಲಿ ಇಷ್ಟು ಎಂದು ಬೇರೆ ಮಾಡಿ ಇಟ್ಟರು. ಕರು ಮೂಸಿ ನೋಡಿ ಬಾಯಿ ಹಾಕಿತು. ಗಂಗಮ್ಮ ಅದನ್ನೆಲ್ಲ ಕಣ್ಣು ಕೀಳದೆ ನೋಡುತ್ತಿದ್ದಳು.

"ಇದು ಇವತ್ತಿಗಾಯ್ತು. ನಾಳೀಕೆ?" ಎಂದಳು.

"ನಾಳೆ ಬರ್ತೀನಿ."

ಸತ್ತ ಹಸುವಿನ ಕೆಲಸ ಮುಗಿದ ಮನೆಗೆ ಅವರು ಮತ್ತೆ ಹೋದದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಮಾರನೆಯ ದಿನ ಬಂದರು. ಅದರ ಮಾರನೆಯ ದಿನವೂ ಬಂದರು.